ಸೈಕಲ್ ಪ್ರವಾಸದ ಗಂಟುಮೂಟೆ: ಎಷ್ಟು ಬೇಕು, ಎಲ್ಲಿ ಕಟ್ಟಬೇಕು?

ರಜೆ ಬಂತೆಂದರೆ ನಮ್ಮ ಹೈಸ್ಕೂಲಿನ ಮಕ್ಕಳಿಗೆ ಈಚೆಗೆ ಹೊಸದೊಂದು ಹುಚ್ಚು. ಸೈಕಲಿಗೆ ಹಾಸಿಗೆ ಹೊದಿಕೆ ಕಟ್ಟಿಕೊಂಡು ಎರಡು ಮೂರು ದಿನ ಊರೂರು ಸುತ್ತುವುದು, ಕತ್ತಲಾದಲ್ಲಿ ಡೇರೆ ಹಾಕಿ ಮಲಗುವುದು. ಇದಕ್ಕೆ ಬೈಕ್‌ಪ್ಯಾಕಿಂಗ್ ಎಂದು ಹೆಸರು. ಇಲ್ಲಿ ಬೈಕ್ ಎಂದರೆ ಮೋಟಾರು ಗಾಡಿಯಲ್ಲ, ತುಳಿಯುವ ಸೈಕಲೇ. ಹುಚ್ಚು ಒಳ್ಳೆಯದೇ. ಆದರೆ ಮಕ್ಕಳು ಮೊಬೈಲಿನಲ್ಲಿ ತೋರಿಸುವ ಚೀಲಗಳ ಬೆಲೆ ಕೇಳಿದರೆ ಹೆತ್ತವರ ಎದೆ ಝಲ್ಲೆನ್ನುತ್ತದೆ. "ಮಾಷ್ಟ್ರೇ, ಸೈಕಲಿನ ಕ್ರಯಕ್ಕಿಂತ ಚೀಲದ ಕ್ರಯವೇ ಹೆಚ್ಚಾಯಿತಲ್ಲ, ಇದೆಲ್ಲ ಬೇಕಾ?" ಎಂದು ಒಬ್ಬ ತಾಯಿ ನಮ್ಮನ್ನು ಕೇಳಿದರು. ಆ ಪ್ರಶ್ನೆಗೆ ಅಂದು ನಾವು ಸರಿಯಾಗಿ ಉತ್ತರಿಸಲಿಲ್ಲ. ಯೋಚಿಸಿ ಉತ್ತರಿಸಿದ್ದರೆ ಅವರ ಮಗನ ಮೊಣಕಾಲಿನ ಚರ್ಮ ಉಳಿಯುತ್ತಿತ್ತು. ಆ ಸಾಲವನ್ನು ತೀರಿಸಲೆಂದೇ ಈ ಬರಹ.

2023ರ ನವರಾತ್ರಿ ರಜೆಯಲ್ಲಿ ನಾವು ಮೂವರು ಅಧ್ಯಾಪಕರು, ಇಬ್ಬರು ಹಳೆ ವಿದ್ಯಾರ್ಥಿಗಳೊಂದಿಗೆ ಕಾಸರಗೋಡಿನಿಂದ ಮಡಿಕೇರಿಗೆ ಸೈಕಲಿನಲ್ಲಿ ಹೊರಟೆವು. ಚೆರ್ಕಳ, ಮುಳ್ಳೇರಿಯ, ಆದೂರು, ಜಾಲ್ಸೂರು ದಾರಿಯಾಗಿ ಸುಳ್ಯ. ಮೊದಲ ರಾತ್ರಿ ಸುಳ್ಯ ದಾಟಿ ಒಂದು ಶಾಲೆಯ ಜಗಲಿಯಲ್ಲಿ ಅನುಮತಿ ಪಡೆದು ತಂಗುವುದು. ಮರುದಿನ ಸಂಪಾಜೆ ಘಾಟಿ ಹತ್ತುವುದು. ಸಂಪಾಜೆಯಿಂದ ಮಡಿಕೇರಿಗೆ ಸುಮಾರು 30 ಕಿಲೋಮೀಟರು. ಅಷ್ಟರೊಳಗೆ ಸುಮಾರು 1000 ಮೀಟರು ಎತ್ತರಕ್ಕೆ ಏರಬೇಕು. ಗಂಟಿನಲ್ಲಿರುವ ಪ್ರತಿಯೊಂದು ವಸ್ತುವೂ ತಾನು ಬೇಕೋ ಬೇಡವೋ ಎಂಬುದನ್ನು ಆ ಏರಿನಲ್ಲಿ ತಾನೇ ಹೇಳುತ್ತದೆ.

ಮೊದಲು ತಕ್ಕಡಿ, ಆಮೇಲೆ ಅಂಗಡಿ

ನಾವು ಮಾಡಿದ ಮೊದಲ ತಪ್ಪು ಚೀಲವನ್ನು ಮೊದಲು ಕೊಂಡದ್ದು. ಚೀಲ ದೊಡ್ಡದಾದರೆ ಅದನ್ನು ತುಂಬುವ ಆಸೆಯೂ ದೊಡ್ಡದಾಗುತ್ತದೆ. ಮೂರು ಜತೆ ಬಟ್ಟೆ, ಸಣ್ಣ ಒಲೆ, ಪಾತ್ರೆ, ಎರಡು ಪುಸ್ತಕ ಎಲ್ಲವೂ ಒಳಗೆ ಹೋದವು. ಶಾಲೆಯ ಪ್ರಯೋಗಾಲಯದ ಸ್ಪ್ರಿಂಗ್ ತಕ್ಕಡಿಯಲ್ಲಿ ಬಿಡಿಬಿಡಿಯಾಗಿ ತೂಗಿದಾಗ ಒಟ್ಟು 14 ಕಿಲೋ. ಇಷ್ಟೇ ತಾನೇ ಎಂದುಕೊಂಡು ಹೊರಟೆವು. ಘಾಟಿಯ ನಡುವೆ ಸೈಕಲ್ ದೂಡುತ್ತಾ ನಡೆದಾಗ ತಿಳಿಯಿತು. ಆ ಒಲೆಯನ್ನು ಮೂರು ದಿನದಲ್ಲಿ ಒಮ್ಮೆಯೂ ಉರಿಸಲಿಲ್ಲ. ಪೇಟೆ ಪೇಟೆಗೂ ಹೋಟೆಲು ಇರುವ ನಮ್ಮ ನಾಡಿನಲ್ಲಿ ಅವಲಕ್ಕಿ, ಬೆಲ್ಲ, ನೇಂದ್ರ ಬಾಳೆಹಣ್ಣು ಜತೆಗಿದ್ದರೆ ಒಲೆಯ ಕೆಲಸವಿಲ್ಲ.

ಆದುದರಿಂದ ನಮ್ಮ ಸಲಹೆ ಇಷ್ಟು. ಒಯ್ಯಬೇಕೆಂದಿರುವುದನ್ನೆಲ್ಲ ಚಾವಡಿಯಲ್ಲಿ ಚಾಪೆಯ ಮೇಲೆ ಹರಡಿ. ತುಳಿಯಲು ಒಂದು ಜತೆ ಬಟ್ಟೆ, ರಾತ್ರಿಗೆ ಒಂದು ಒಣ ಜತೆ, ಬೈರಾಸು, ಮಳೆಯಂಗಿ, ಟಾರ್ಚು, ಔಷಧಿ, ಪಂಕ್ಚರಿನ ಸಾಮಾನು, ಪಂಪು, ನೀರು, ಮಲಗುವ ಸಾಮಗ್ರಿ. ಇದರಿಂದಾಚೆಗೆ ಇರುವುದನ್ನು ಒಂದೊಂದಾಗಿ ಪ್ರಶ್ನಿಸಿ. ಕೊನೆಗೆ ಉಳಿದ ರಾಶಿಯನ್ನು ನೋಡಿ ಅದಕ್ಕೆ ತಕ್ಕ ಚೀಲ ಆರಿಸಿ. ಈ ಲೆಕ್ಕದಲ್ಲಿ ನಮ್ಮ ಹೊರೆ ಈಗ 8 ಕಿಲೋಗೆ ಇಳಿದಿದೆ.

ಇದು ಹೊಸ ವಿದ್ಯೆಯೇನೂ ಅಲ್ಲ. ಎತ್ತರದ ಮುಂಚಕ್ರದ ಸೈಕಲಿನಲ್ಲಿ 1884ರಿಂದ 1886ರ ವರೆಗೆ ಭೂಪ್ರದಕ್ಷಿಣೆ ಮಾಡಿದ ಥಾಮಸ್ ಸ್ಟೀವನ್ಸ್ ನಮ್ಮ ದೇಶದ ಗ್ರಾಂಡ್ ಟ್ರಂಕ್ ರಸ್ತೆಯಲ್ಲೂ ಸಾಗಿದವನು. ಹೊರಡುವಾಗ ಅವನ ಹ್ಯಾಂಡಲಿನ ಚೀಲದಲ್ಲಿದ್ದುದು ಕಾಲುಚೀಲ, ಒಂದು ಹೆಚ್ಚಿನ ಅಂಗಿ, ಒಂದು ಪಿಸ್ತೂಲು ಮತ್ತು ಒಂದು ಮಳೆಯಂಗಿ. ಆ ಮಳೆಯಂಗಿಯೇ ಅವನಿಗೆ ಡೇರೆ, ಅದೇ ಹಾಸಿಗೆ. ಒಂದು ವಸ್ತುವಿನಿಂದ ಎರಡು ಕೆಲಸ ತೆಗೆಯುವುದೇ ಈ ಪ್ರವಾಸದ ಗುಟ್ಟು.

ಯಾವ ಸೈಕಲಿಗೆ ಯಾವ ಚೀಲ?

ಚೀಲಗಳಲ್ಲಿ ಮುಖ್ಯವಾಗಿ ಎರಡು ಪಂಗಡ. ಹಿಂದಿನ ಕ್ಯಾರಿಯರಿನ ಎರಡೂ ಬದಿಗೆ ಜೋಳಿಗೆಯಂತೆ ಇಳಿಬಿಡುವುದು ಒಂದು. ಅದನ್ನು ಪ್ಯಾನಿಯರ್ ಎನ್ನುತ್ತಾರೆ. ಕ್ಯಾರಿಯರೇ ಇಲ್ಲದೆ ಹ್ಯಾಂಡಲಿನ ಮುಂದೆ, ಫ್ರೇಮಿನ ತ್ರಿಕೋನದೊಳಗೆ, ಸೀಟಿನ ಹಿಂದೆ ಪಟ್ಟಿಗಳಿಂದ ಬಿಗಿಯುವುದು ಇನ್ನೊಂದು. ಮಕ್ಕಳು ಮೊಬೈಲಿನಲ್ಲಿ ಮೆಚ್ಚುವುದು ಈ ಎರಡನೆಯದನ್ನು. ಕಲ್ಲುಮುಳ್ಳಿನ ಕಿರುದಾರಿಗೆ ಅದು ಒಳ್ಳೆಯದು. ಸೈಕಲು ಅಗಲವಾಗುವುದಿಲ್ಲ, ಕುಲುಕಿಗೆ ಕ್ಯಾರಿಯರು ಮುರಿಯುವ ಭಯವಿಲ್ಲ. ಆದರೆ ಸೀಟಿನ ಹಿಂದಿನ ಚೀಲಕ್ಕೆ ಸೀಟಿಗೂ ಚಕ್ರಕ್ಕೂ ನಡುವೆ ಸಾಕಷ್ಟು ಅಂತರ ಬೇಕು. ಗಿಡ್ಡ ಮಕ್ಕಳ ಸೈಕಲಿನಲ್ಲಿ ಸೀಟು ತಗ್ಗಿರುವುದರಿಂದ ಚೀಲದ ತಳ ಚಕ್ರಕ್ಕೆ ಉಜ್ಜುತ್ತದೆ. ಹೆಣ್ಣುಮಕ್ಕಳ ಸೈಕಲಿನಲ್ಲಿ ಮೇಲಿನ ಅಡ್ಡಕೊಳವೆ ಇಲ್ಲದಿರುವುದರಿಂದ ತ್ರಿಕೋನದ ಚೀಲ ಕೂರುವುದೇ ಇಲ್ಲ.

ಮನೆಯಲ್ಲಿರುವ ಸಾಮಾನ್ಯ ಸೈಕಲಿಗೆ ಕ್ಯಾರಿಯರು ಇದ್ದೇ ಇರುತ್ತದೆ. ಅದಕ್ಕೆ ಪ್ಯಾನಿಯರೇ ಸೂಕ್ತ. ಡಾಂಬರು ರಸ್ತೆಗೆ ಇದಕ್ಕಿಂತ ಬೇರೆ ಬೇಕಿಲ್ಲ. ಎರಡು ಬದಿಯ ತೂಕ ಸಮನಾಗಿರಲಿ. ಭಾರದ ವಸ್ತು ತಳದಲ್ಲಿ, ಚಕ್ರದ ನಡುವಿನ ಮಟ್ಟಕ್ಕೆ ಸಮೀಪವಾಗಿರಲಿ. ಭಾರ ಮೇಲೇರಿದಷ್ಟೂ ಸೈಕಲು ಓಲಾಡುತ್ತದೆ. ಪೆಡಲು ತುಳಿಯುವಾಗ ಹಿಮ್ಮಡಿ ಚೀಲಕ್ಕೆ ತಾಗದಂತೆ ನೋಡಿಕೊಳ್ಳಿ. ಹ್ಯಾಂಡಲಿಗೆ ಹಗುರವಾದುದನ್ನು ಮಾತ್ರ ಕಟ್ಟಿ. ಬ್ರೇಕಿನ ತಂತಿ ಅದರಡಿ ಸಿಕ್ಕಬಾರದು. ಕ್ಯಾರಿಯರಿನ ಮೇಲೆ ಅದು ತಾಳುವ ಭಾರ ಬರೆದಿರುತ್ತದೆ. 25 ಕಿಲೋ ಎಂದಿದ್ದರೂ ಅಷ್ಟನ್ನೂ ಹೇರುವ ಹಟ ಬೇಡ.

ತಾಯಿ ಹೊಲಿದ ಚೀಲ

ಪ್ರಶ್ನೆ ಕೇಳಿದ ಆ ತಾಯಿ ಉತ್ತರಕ್ಕಾಗಿ ಕಾಯಲಿಲ್ಲ. ಅಡಿಕೆ ಮುಚ್ಚುವ ಹಳೆಯ ಟಾರ್ಪಾಲನ್ನು ಕತ್ತರಿಸಿ, ಮನೆಯ ಹೊಲಿಗೆ ಯಂತ್ರದಲ್ಲಿ ಮಗನಿಗೆ ಜೋಡಿ ಚೀಲ ಹೊಲಿದುಕೊಟ್ಟರು. ಇದನ್ನು ಕಂಡು ನಕ್ಕವರೂ ಇದ್ದರು. ನಗುವುದಕ್ಕೆ ಕಾರಣವಿಲ್ಲ. ಇಂದು ಲೋಕಪ್ರಸಿದ್ಧವಾದ ಜರ್ಮನಿಯ ಆರ್ಟ್‌ಲೀಬ್ ಚೀಲಗಳ ಹುಟ್ಟೂ ಹೀಗೆಯೇ. ಹಾರ್ಟ್‌ಮುಟ್ ಆರ್ಟ್‌ಲೀಬ್ ಎಂಬ ಯುವಕ ಇಂಗ್ಲೆಂಡಿನ ಸೈಕಲ್ ಪ್ರವಾಸದಲ್ಲಿ ಮಳೆಗೆ ತೊಯ್ದು, ಲಾರಿಗಳ ಟಾರ್ಪಾಲಿನಡಿ ಸಾಮಾನು ಒಣಗಿರುವುದನ್ನು ಗಮನಿಸಿ, ಊರಿಗೆ ಮರಳಿ ತಾಯಿಯ ಹೊಲಿಗೆ ಯಂತ್ರದಲ್ಲಿ ಲಾರಿ ಟಾರ್ಪಾಲಿನ ಮೊದಲ ಚೀಲ ಹೊಲಿದ. 1982ರಲ್ಲಿ ಅವನ ಸಂಸ್ಥೆ ಆರಂಭವಾಯಿತು.

ಆದರೆ ಒಂದು ಮಾತು ಒಪ್ಪಬೇಕು. ಮೊದಲ ಸಂಜೆ ಗುಡುಗಿನ ಮಳೆ ಹೊಯ್ದಾಗ ಹುಡುಗನ ಚೀಲದೊಳಕ್ಕೆ ನೀರು ಇಳಿದಿತ್ತು. ಬಟ್ಟೆ ಸೋರಲಿಲ್ಲ, ಸೂಜಿಯ ತೂತುಗಳು ಸೋರಿದ್ದವು. ಕಾರ್ಖಾನೆಯ ಒಳ್ಳೆಯ ಚೀಲಗಳಲ್ಲಿ ಅಂಚನ್ನು ಹೊಲಿಯದೆ ಕಾಯಿಸಿ ಬೆಸೆಯುವುದು ಇದಕ್ಕಾಗಿಯೇ. ಇದಕ್ಕೆ ಮನೆಮದ್ದು ಉಂಟು. ಗೊಬ್ಬರದ ಗೋಣಿಯ ಒಳಗಿರುವಂತಹ ದಪ್ಪ ಪ್ಲಾಸ್ಟಿಕ್ ಚೀಲವೊಂದನ್ನು, ತೊಳೆದು ಶುದ್ಧ ಮಾಡಿದ್ದು ಅಥವಾ ಹೊಸತು, ಒಳಗಿಡಿ. ಬಾಯನ್ನು ಗಂಟು ಹಾಕುವ ಬದಲು ಮೂರು ನಾಲ್ಕು ಸುತ್ತು ಸುರುಳಿ ಸುತ್ತಿ ಕಟ್ಟಿ. ರಾತ್ರಿಯ ಬಟ್ಟೆ ಮತ್ತು ಹೊದಿಕೆ ಇದರೊಳಗೇ ಇರಬೇಕು. ಉಳಿದುದು ಒದ್ದೆಯಾದರೂ ರಾತ್ರಿ ಕಳೆಯುತ್ತದೆ.

ಡೇರೆ ಮತ್ತು ಹಾಸಿಗೆ

ಡೇರೆ ಕೊಳ್ಳುವವರು ತೂಕ ಮತ್ತು ನೀರುತಡೆ ಎರಡನ್ನೂ ಕೇಳಬೇಕು. ಇಬ್ಬರ ಡೇರೆ 2 ಕಿಲೋ ಆಸುಪಾಸಿನಲ್ಲಿದ್ದರೆ ಉತ್ತಮ. ಬಟ್ಟೆಯ ನೀರುತಡೆಯನ್ನು ಮಿಲಿಮೀಟರಿನಲ್ಲಿ ಬರೆದಿರುತ್ತಾರೆ. 3000 ಎಂದಿದ್ದರೆ ಆ ಬಟ್ಟೆಯ ಮೇಲೆ 3 ಮೀಟರು ಎತ್ತರದ ನೀರಿನ ಕಂಬ ನಿಲ್ಲುವ ತನಕ ಅದು ಜಿನುಗದು ಎಂದರ್ಥ. ಗೂಟ ಹೊಡೆಯದೆಯೂ ತನ್ನ ಕೋಲುಗಳ ಮೇಲೆ ನಿಲ್ಲುವ ಡೇರೆಯನ್ನೇ ಆರಿಸಿ. ಶಾಲೆಯ ಸಿಮೆಂಟು ಜಗಲಿಯಲ್ಲಿ ಗೂಟ ಹೊಡೆಯಲಾಗದು. ಅಲ್ಲಿ ಒಳಡೇರೆಯೊಂದೇ ಒಳ್ಳೆಯ ಸೊಳ್ಳೆಪರದೆ. ಮಡಿಕೇರಿಯಲ್ಲಿ ದಸರೆಯ ಜನಸಂದಣಿಗೆ ಲಾಡ್ಜುಗಳು ಭರ್ತಿಯಾಗಿದ್ದಾಗ ಪರಿಚಿತರೊಬ್ಬರ ಅಂಗಳದಲ್ಲಿ ಅದೇ ನಮಗೆ ಮನೆಯಾಯಿತು. ಕಾಡಿನಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಡೇರೆ ಹಾಕಬಾರದು. ಆನೆಗಳಿರುವ ಸೀಮೆಯಲ್ಲಿ ಇದು ಬರಿಯ ಕಾನೂನಿನ ಮಾತಲ್ಲ, ಜೀವದ ಮಾತು.

ಹಕ್ಕಿಯ ತುಪ್ಪಳ ತುಂಬಿದ ಸ್ಲೀಪಿಂಗ್ ಬ್ಯಾಗು ಹಗುರ, ಆದರೆ ಒದ್ದೆಯಾದರೆ ಬೆಚ್ಚಗಿರಿಸದು. ನಮ್ಮ ತೇವದ ಹವೆಗೆ ಕೃತಕ ನೂಲು ತುಂಬಿದ್ದೇ ಮೇಲು. ಘಾಟಿಯ ಕೆಳಗೆ ತಂಗುವವರಿಗೆ ಬೆಡ್‌ಶೀಟು ಸಾಕು. ನೆಲದ ತಂಪು ತಡೆಯಲು ಫೋಮಿನ ಚಾಪೆ ಮಾತ್ರ ಬೇಕೇ ಬೇಕು. ನೀರು ಹೀರದ ಜಾತಿಯದಾದರೆ ಹೊರಗೆ ಕಟ್ಟಿದರೂ ಬಾಧಕವಿಲ್ಲ.

ಒಂದು ಗೇಣು ಪಟ್ಟಿ

ಈಗ ಆ ಮೊಣಕಾಲಿನ ಕತೆ. ಮೂರನೆಯ ದಿನ ಇಳಿಯುವ ಮುನ್ನ, ನಮಗೆ ಆಯಾಸವೆಂದು ಡೇರೆಯ ಸುರುಳಿಯನ್ನು ಹುಡುಗನ ಕ್ಯಾರಿಯರಿಗೆ ದಾಟಿಸಿದೆವು. ಅಂಗಡಿಯಿಂದ ತಂದ ಗಟ್ಟಿ ಪಟ್ಟಿಯಿಂದ ನಾವೇ ಬಿಗಿದೆವು. ಉಳಿದ ತುದಿ ಒಂದು ಗೇಣು ನೇತಾಡುತ್ತಿತ್ತು. ಅದನ್ನು ಒಳಗೆ ಸಿಕ್ಕಿಸಲಿಲ್ಲ. ಇಳಿಜಾರಿನ ಒಂದು ತಿರುವಿನಲ್ಲಿ ಆ ತುದಿ ಹಿಂದಿನ ಚಕ್ರದ ಕಡ್ಡಿಗಳಿಗೆ ಸುತ್ತಿಕೊಂಡು ಚಕ್ರ ಗಕ್ಕನೆ ನಿಂತಿತು. ಹುಡುಗ ರಸ್ತೆಗೆ ಬಿದ್ದ. ಹಿಂದಿನಿಂದ ಬರುತ್ತಿದ್ದ ಬಸ್ಸಿನ ಚಾಲಕ ಬ್ರೇಕು ಹಾಕಿ ನಿಲ್ಲಿಸಿದುದರಿಂದ ಮೊಣಕಾಲು, ಮೊಣಕೈ ಸುಲಿದಲ್ಲಿಗೆ ಮುಗಿಯಿತು. ಆ ಕ್ಷಣವನ್ನು ನೆನೆದರೆ ಇಂದಿಗೂ ನಮ್ಮ ಕೈ ನಡುಗುತ್ತದೆ. ತಪ್ಪು ಹುಡುಗನದಲ್ಲ, ಚೀಲದ್ದಲ್ಲ, ನಮ್ಮದು.

ಆದುದರಿಂದ ಹೊರಡುವ ಮೊದಲು, ಪ್ರತಿ ನಿಲುಗಡೆಯ ಬಳಿಕವೂ, ಸೈಕಲನ್ನು ಅಲುಗಾಡಿಸಿ ನೋಡಿ. ಚಕ್ರ ತಿರುಗಿಸಿ ನೋಡಿ. ನೇತಾಡುವ ತುದಿಯನ್ನು ಸಿಕ್ಕಿಸಿ, ಇಲ್ಲವೇ ಕತ್ತರಿಸಿ. ಹಳೆಯ ಟ್ಯೂಬಿನ ರಬ್ಬರು ಪಟ್ಟಿಯಾದರೂ ಸರಿ, ತುದಿ ಬಿಡಬೇಡಿ. ಪ್ರವಾಸಕ್ಕೆ ವಾರ ಮೊದಲೇ ಪೂರ್ತಿ ಹೊರೆಯೊಡನೆ ಹತ್ತು ಹದಿನೈದು ಕಿಲೋಮೀಟರು ತುಳಿದು ನೋಡಿ. ಬ್ರೇಕಿನ ರಬ್ಬರು ಸವೆದಿದ್ದರೆ ಚೀಲಕ್ಕಿಂತ ಮೊದಲು ಅದಕ್ಕೆ ಹಣ ಹಾಕಿ.

ಹುಡುಗನನ್ನು ಮನೆಗೆ ತಲುಪಿಸಿದಾಗ ನಾವು ತಲೆ ತಗ್ಗಿಸಿ ನಡೆದುದನ್ನೆಲ್ಲ ಹೇಳಿದೆವು. ತಾಯಿ ಗಾಯ ನೋಡಿದರು, ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಚೀಲವನ್ನು ಬೆಳಕಿಗೆ ಹಿಡಿದು, "ಸೋರಿದ್ದು ಎಲ್ಲಿ ಮಾಷ್ಟ್ರೇ? ತೋರಿಸಿ, ಇನ್ನೊಂದು ಪದರ ಹೊಲಿಯುತ್ತೇನೆ" ಎಂದರು. ಮುಂದಿನ ಪ್ರವಾಸಕ್ಕೂ ಮಗನನ್ನು ಕಳುಹಿಸುವರೆಂದು ನಮಗೆ ಆಗ ತಿಳಿಯಿತು. ಅವರ ಮೊದಲ ಪ್ರಶ್ನೆಗೆ ಈಗ ನಮ್ಮ ಉತ್ತರ ಇಷ್ಟೇ: ದುಬಾರಿ ಚೀಲ ಬೇಡಮ್ಮ, ಹಗುರ ಹೊರೆ, ಒಣ ಹೊದಿಕೆ, ಬಿಗಿದ ಗಂಟು, ಹಿಡಿಯುವ ಬ್ರೇಕು, ಇವಿಷ್ಟು ಇದ್ದರೆ ಮಗ ಹೋಗಿ ಬರಲಿ.