ಬಿ.ಜಿ.ಪಿ. ಸಂದೇಶದಲ್ಲಿ ಒಂದು ಬೈಟಿನ ಲೋಪ

ಒಂದು ಜಾಲದಿಂದ ಮತ್ತೊಂದು ಜಾಲಕ್ಕೆ ಹೋಗತಕ್ಕ ದಾರಿಗಳನ್ನು ರೌಟರುಗಳು ಪರಸ್ಪರ ತಿಳಿಸಿಕೊಳ್ಳುವ ಕ್ರಮಕ್ಕೆ ಬಿ.ಜಿ.ಪಿ. ಎಂದು ಹೆಸರು. 1989ರಲ್ಲಿ ಮೊದಲು ಬರಹಕ್ಕಿಳಿದ ಈ ಕ್ರಮವನ್ನು ಆಶ್ರಯಿಸಿಯೇ ಇಂದಿನ ಇಂಟರ್ನೆಟ್ಟು ನಿಂತಿರುವುದು. ಇದನ್ನು ನಡೆಸುವ ತಂತ್ರಾಂಶಗಳಲ್ಲಿ ಎಫ್.ಆರ್.ರೌಟಿಂಗ್ ಎಂಬುದೊಂದು, ಕ್ವಾಗಾ ಎಂಬುದರಿಂದ ಕವಲೊಡೆದು ಬಂದುದು, ಸಿ ಭಾಷೆಯಲ್ಲಿ ರಚಿತವಾದುದು. ಅದರ 8.4ನೆಯ ಆವೃತ್ತಿಯವರೆಗೂ ಅಡಗಿದ್ದು 2023ರಲ್ಲಿ ಬೆಳಕಿಗೆ ಬಂದ ದೋಷವೊಂದರ ಸ್ವರೂಪವು ವ್ಯಾಕರಣವನ್ನೋದಿದವರಿಗೆ ಅಪರಿಚಿತವಲ್ಲ.

ಎರಡು ರೌಟರುಗಳು ಮಾತು ತೊಡಗುವಾಗ ಮೊದಲು 'ಓಪನ್' ಎಂಬ ಸಂದೇಶವನ್ನು ಕಳುಹಿಸುತ್ತವೆ. ಅದರ ಕೊನೆಯಲ್ಲಿ ಐಚ್ಛಿಕಾಂಶಗಳುಂಟು. ಪ್ರತಿಯೊಂದರ ಶಿರೋಭಾಗದಲ್ಲಿ ಜಾತಿಯನ್ನು ಹೇಳಲು ಒಂದು ಬೈಟು, ಉದ್ದವನ್ನು ಹೇಳಲು ಒಂದು ಬೈಟು, ಅಂತು ಎರಡು. ಇದು ಉತ್ಸರ್ಗ. ಒಂದು ಬೈಟಿನಲ್ಲಿ 255ಕ್ಕಿಂತ ದೊಡ್ಡ ಸಂಖ್ಯೆಯು ಹಿಡಿಸದಷ್ಟೆ. ಆದುದರಿಂದ 2021ರಲ್ಲಿ ಒಂದು ಅಪವಾದವನ್ನು ವಿಧಿಸಿದರು. 255 ಎಂಬ ಗುರುತು ಕಂಡಲ್ಲಿ ಉದ್ದಕ್ಕೆ ಎರಡು ಬೈಟುಗಳೆಂದು ತಿಳಿಯತಕ್ಕದ್ದು. ಆಗ ಒಟ್ಟು ಮೂರಾಯಿತು. ಓದುವ ಭಾಗವು ಅಪವಾದವನ್ನನುಸರಿಸಿ ಮೂರನ್ನು ಓದಿತು. ಕಾಯುವ ಭಾಗವಾದರೋ ಉತ್ಸರ್ಗವನ್ನೇ ಹಿಡಿದು, ಎರಡು ಉಳಿದಿದ್ದರೆ ಸಾಕೆಂದು ಒಪ್ಪಿಗೆಯಿತ್ತಿತು.

ಒಂದೇ ಓಲೆಯ ಕಟ್ಟಿನಲ್ಲಿ ಎರಡು ಗ್ರಂಥಗಳಿದ್ದರೆ, ಮೊದಲನೆಯದು ಮುಗಿದುದನ್ನರಿಯದ ಲಿಪಿಕಾರನು ಎರಡನೆಯದರ ಅಕ್ಷರಗಳನ್ನೂ ಅದಕ್ಕೇ ಸೇರಿಸಿಬಿಡಬಹುದು. ಸಂದೇಶದ ಮೇರೆಯನ್ನು ದಾಟಿ ಓದುವುದೂ ಅಂಥದೇ. ಸಿ ಭಾಷೆಯು ಈ ಮೇರೆಯನ್ನು ತಾನಾಗಿ ಕಾಯದು, ಬರೆದವನೇ ಕಾಯಬೇಕು. ಈ ತಂತ್ರಾಂಶದೊಳಗೆ ಮತ್ತೊಂದು ಪರೀಕ್ಷೆಯೇನೋ ಉಂಟು. ಆದರೆ ಅದು ತಪ್ಪನ್ನು ಕಂಡರೆ ಸಂದೇಶವನ್ನು ತಳ್ಳಿಹಾಕುವುದರ ಬದಲು ಬಿ.ಜಿ.ಪಿ. ಪ್ರೋಗ್ರಾಮನ್ನೇ ನಿಲ್ಲಿಸಿಬಿಡುತ್ತದೆ. ಕಳ್ಳನನ್ನು ಕಂಡು ಕಾವಲುಗಾರನೇ ಮೂರ್ಛೆಹೋದಂತೆ! ಪ್ರೋಗ್ರಾಮು ನಿಂತೊಡನೆ ನೆರೆಯ ರೌಟರುಗಳೊಡನಿದ್ದ ಸಂಬಂಧಗಳೆಲ್ಲ ಕಡಿಯುತ್ತವೆ. ಇದರಿಂದ ಕಲಿತಿದ್ದ ದಾರಿಗಳನ್ನು ಅವು ಸಾಮಾನ್ಯವಾಗಿ ಕೈಬಿಡುತ್ತವೆ. ಅದು ಮತ್ತೆ ಎದ್ದರೆ ಅದೇ ಸಂದೇಶವನ್ನು ಪುನಃ ಕಳುಹಿಸಿದರಾಯಿತು.

ಮೊದಲೇ ಗೊತ್ತುಮಾಡಿದ ನೆರೆಯವರ ವಿಳಾಸದಿಂದಲ್ಲದೆ ಬೇರೆ ಕಡೆಯ ಸಂಪರ್ಕವನ್ನು ಈ ತಂತ್ರಾಂಶವು ಸಾಮಾನ್ಯವಾಗಿ ಒಪ್ಪುವುದಿಲ್ಲವೆಂದು ಸಮಾಧಾನ ಹೇಳಬಹುದು. ಅದು ಅರೆ ಸಮಾಧಾನವೇ ಸರಿ. ಕಳುಹಿಸಿದವನ ಜಾಲಸಂಖ್ಯೆಯನ್ನೂ ರೌಟರಿನ ಗುರುತನ್ನೂ ಪರೀಕ್ಷಿಸುವುದಕ್ಕೆ ಮುಂಚೆಯೇ ಐಚ್ಛಿಕಾಂಶಗಳನ್ನು ಬಿಡಿಸತೊಡಗುತ್ತಿದ್ದುದರಿಂದ, ನೆರೆಯವನ ವಿಳಾಸದಿಂದ ಸಂಪರ್ಕ ಸಾಧಿಸಬಲ್ಲವನಿಗೆ ಮಿಕ್ಕ ವಿವರಗಳ ಅಗತ್ಯವೇ ಇರಲಿಲ್ಲ. ಮುಂದಿನ ಆವೃತ್ತಿಗಳಲ್ಲಿ ಈ ದೋಷವನ್ನು ತಿದ್ದಿದ್ದಾರೆ. ಹಳೆಯದನ್ನೇ ನಡೆಸುತ್ತಿರುವ ಕಡೆಗಳಲ್ಲಿ ಮಾತ್ರ ಅದು ಹಾಗೆಯೇ ಉಳಿದಿರುತ್ತದೆ.