ಬಾನುಲಿಯ ಪಾಲುಪಟ್ಟಿ

ಲಂಡನ್ನಿನ ಹೊರವಲಯದಲ್ಲಿ ಬಹುಕಾಲದಿಂದ ನೆಲೆಸಿರುವ ಕನ್ನಡಿಗ ಮಿತ್ರರೊಬ್ಬರ ಮನೆಯಲ್ಲಿ ನಾನು ಕೆಲವು ದಿನ ಅತಿಥಿಯಾಗಿದ್ದಾಗ, ಅವರು ಹೊಸದಾಗಿ ಕೊಂಡು ತಂದಿದ್ದ ಡಿಜಿಟಲ್ ರೇಡಿಯೊ ಟ್ಯೂನರನ್ನೂ, ಇಪ್ಪತ್ತೈದು ವರ್ಷಗಳಿಂದ ಅವರ ಆಂಪ್ಲಿಫೈಯರಿನ ಮಗ್ಗುಲಲ್ಲಿ ಕುಳಿತಿದ್ದ ಹಳೆಯ ಎಫ್.ಎಂ. ಟ್ಯೂನರನ್ನೂ ಒಂದೇ ಸಂಗೀತ ಪ್ರಸಾರಕ್ಕೆ ಹಿಡಿದು, ಒಮ್ಮೆ ಇದನ್ನೂ ಒಮ್ಮೆ ಅದನ್ನೂ ನನಗೆ ಕೇಳಿಸಿದರು. ಡಿಜಿಟಲ್ ಪ್ರಸಾರವು ಎಫ್.ಎಂ. ಪ್ರಸಾರಕ್ಕಿಂತ ಒಂದೆರಡು ಕ್ಷಣ ಹಿಂದೆ ಬೀಳುತ್ತಿದ್ದುದರಿಂದ, ಸ್ವಿಚ್ಚನ್ನು ತಿರುಗಿಸಿದಾಗಲೆಲ್ಲ ಆಗತಾನೆ ಕೇಳಿದ ಸ್ವರವೇ ಮತ್ತೊಮ್ಮೆ ಕಿವಿಗೆ ಬೀಳುತ್ತಿದ್ದಿತು. ಹೋಲಿಕೆಗೆ ಅದಕ್ಕಿಂತ ಅನುಕೂಲವಾದ ಸಂದರ್ಭ ಬೇರೊಂದಿರಲಾರದು. ಹಳೆಯ ಟ್ಯೂನರಿನಲ್ಲಿ ದೂರದ ಮಳೆಯಂತಹ ಒಂದು ಸಣ್ಣ ಸದ್ದು ಸಂಗೀತದ ಹಿಂದೆ ಸದಾ ಇದ್ದಿತು. ಹೊಸದರಲ್ಲಿ ಆ ಸದ್ದಿನ ಸುಳಿವೇ ಇಲ್ಲ, ಸಂಗೀತದ ಹಿಂದೆ ಇದ್ದುದು ಕೇವಲ ನಿಶ್ಶಬ್ದ. ಆದರೆ ಕಚೇರಿ ಮುಗಿದು ಸಭಿಕರು ಕೈತಟ್ಟಿದ ಕ್ಷಣದಲ್ಲಿ, ಎಫ್.ಎಂ.ನಲ್ಲಿ ಸಾವಿರ ಜನರ ಅಂಗೈಗಳಂತೆ ಕೇಳಿದ್ದು ಡಿಜಿಟಲ್ಲಿನಲ್ಲಿ ಕಾದೆಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಕೇಳಿತು. ಮಿತ್ರರು ನನ್ನ ಮುಖವನ್ನು ನೋಡಿ, "ದೋಷ ಟ್ಯೂನರಿನದೋ, ಪ್ರಸಾರದ್ದೋ?" ಎಂದು ಕೇಳಿದರು. ಈ ಲೇಖನ ಆ ಪ್ರಶ್ನೆಯಿಂದ ಹುಟ್ಟಿದ್ದು.

ಉತ್ತರವನ್ನು ಮೊದಲೇ ಹೇಳಿಬಿಡುವುದಾದರೆ, ಡಿಜಿಟಲ್ ರೇಡಿಯೊದ ಧ್ವನಿಗುಣವು ನಿರ್ಣಯವಾಗುವುದು ನಮ್ಮ ಮನೆಯ ಪೆಟ್ಟಿಗೆಯಲ್ಲಿ ಅಲ್ಲ, ಬಹುಮಟ್ಟಿಗೆ ಪ್ರಸಾರಕರ ಹಂಚಿಕೆಯಲ್ಲಿ. ಡಿಜಿಟಲ್ ಎಂಬ ಶಬ್ದವೇ ಶ್ರೇಷ್ಠತೆಯ ಮುದ್ರೆಯೆಂದು ಭಾವಿಸಿ ಅಂಗಡಿಗೆ ಹೋಗುವವರು ಇದನ್ನು ಮೊದಲು ಮನಗಾಣಬೇಕು. ಡಿ.ಎ.ಬಿ. ಎಂದು ಯೂರೋಪಿನಲ್ಲಿ ಪ್ರಸಿದ್ಧವಾಗಿರುವ ಈ ಪದ್ಧತಿಯಲ್ಲಿ ಧ್ವನಿಯನ್ನು ಸೆಕೆಂಡಿಗೆ 48,000 ಬಾರಿ ಅಳೆದು, ಪ್ರತಿಯೊಂದು ಅಳತೆಯನ್ನೂ ಅಂಕಿಯಾಗಿಸುತ್ತಾರೆ. ಒಂದೊಂದು ಅಂಕಿಗೆ 16 ಬಿಟ್ಟುಗಳಂತೆ, ಎಡ ಬಲ ಎರಡು ವಾಹಿನಿಗಳಿಗೂ ಲೆಕ್ಕ ಹಾಕಿದರೆ ಸೆಕೆಂಡಿಗೆ 1,536 ಕಿಲೊಬಿಟ್ ಆಗುತ್ತದೆ. ಇಷ್ಟು ಭಾರವನ್ನು ಹಾಗೆಯೇ ಆಕಾಶಮಾರ್ಗದಲ್ಲಿ ಸಾಗಿಸಲು ಸ್ಥಳವಿಲ್ಲದ ಕಾರಣ ಅದನ್ನು ಸಂಕ್ಷೇಪಿಸಲೇಬೇಕು. 192 ಕಿಲೊಬಿಟ್ಟಿಗೆ ಇಳಿಸಿದರೆ ಉಳಿಯುವುದು ಮೂಲದ ಎಂಟನೆಯ ಒಂದು ಭಾಗ. 128ಕ್ಕೆ ಇಳಿಸಿದರೆ ಹನ್ನೆರಡನೆಯ ಒಂದು ಭಾಗ.

ಇಷ್ಟೊಂದು ಭಾಗವನ್ನು ಬಿಸುಟ ಮೇಲೂ ಸಂಗೀತ ಸಂಗೀತವಾಗಿಯೇ ಉಳಿಯುವುದು ಹೇಗೆ? ಇಲ್ಲಿಯೇ ಈ ಪದ್ಧತಿಯನ್ನು ರೂಪಿಸಿದ ಶಾಸ್ತ್ರಜ್ಞರ ಪ್ರತಿಭೆ ಅಡಗಿರುವುದು. ಮೃದಂಗದ ಬಲವಾದ ಒಂದು ಪೆಟ್ಟು ಬಿದ್ದ ಕ್ಷಣದಲ್ಲಿ, ಅದರ ಸ್ವರಸ್ಥಾನಕ್ಕೆ ಸಮೀಪವಾದ ಮೆಲ್ಲನೆಯ ನಾದವೊಂದು ಅಲ್ಲಿಯೇ ಇದ್ದರೂ ನಮ್ಮ ಕಿವಿ ಅದನ್ನು ಗ್ರಹಿಸಲಾರದು. ಪ್ರಬಲವಾದುದು ದುರ್ಬಲವಾದುದನ್ನು ಮರೆಮಾಡುತ್ತದೆ. ಕಿವಿಗೆ ಎಟುಕದುದನ್ನು ಸಾಗಿಸುವ ಶ್ರಮವೇಕೆ ಎಂಬ ನ್ಯಾಯದಂತೆ, ಧ್ವನಿಯನ್ನು 32 ಪಟ್ಟಿಗಳಾಗಿ ಸೀಳಿ, ಯಾವ ಪಟ್ಟಿಯಲ್ಲಿ ಯಾವುದು ಮರೆಯಾಗುತ್ತದೆಂಬುದನ್ನು ಎಣಿಸಿ, ಅದಕ್ಕೆ ತಕ್ಕಂತೆ ಬಿಟ್ಟುಗಳನ್ನು ಬಡಿಸುವ ಒಂದು ವಿಧಾನವನ್ನು ಮ್ಯೂನಿಕ್ಕಿನ ಪ್ರಸಾರ ಸಂಶೋಧನಾ ಸಂಸ್ಥೆಯೂ, ಹಾಲೆಂಡಿನ ಫಿಲಿಪ್ಸ್ ಸಂಸ್ಥೆಯೂ, ಫ್ರಾನ್ಸಿನ ಒಂದು ಸಂಶೋಧನಾಲಯವೂ ಕೂಡಿ ರೂಪಿಸಿದುವು. ಎಂಪಿ-2 ಎಂಬ ಹೆಸರಿನಿಂದ ಡಿ.ಎ.ಬಿ.ಯ ಅಡಿಗಲ್ಲಾದುದು ಇದೇ. ಬಿಟ್ಟುಗಳು ಸಾಕಷ್ಟು ಇರುವವರೆಗೆ ಇದು ಅದ್ಭುತವಾಗಿ ನಡೆಯುತ್ತದೆ. ಕಡಮೆಯಾದೊಡನೆ, ಮರೆಯಾಗದ ನಾದವನ್ನೂ ಕತ್ತರಿಸಬೇಕಾಗಿ ಬರುತ್ತದೆ. ಆಗ ಮೊದಲು ಕೆಡುವುದು ಯಾವುದೆಂದರೆ, ಕ್ರಮವಾದ ಸ್ವರರೂಪವಿಲ್ಲದ ಚಪ್ಪಾಳೆ, ತಾಳದ ಲೋಹದ ಝಣತ್ಕಾರ, ಮತ್ತು ಉಪಸ್ವರಗಳ ಗಣಿಯಾದ ತಂಬೂರಿ. ಕುದುರೆಯ ಮೇಲೆ ತಂತಿಯಡಿಗೆ ನೂಲನ್ನು ಸಿಕ್ಕಿಸಿ ನಮ್ಮ ವಿದ್ವಾಂಸರು ಎಬ್ಬಿಸುವ ಆ ಝೇಂಕಾರದಲ್ಲಿ ಒಂದರ ಮೇಲೊಂದು ಏರುವ ಸೂಕ್ಷ್ಮ ನಾದಗಳೇ ಸರ್ವಸ್ವ. ಅವು ಮಬ್ಬಾದರೆ ತಂಬೂರಿ ಬರಿಯ ಗುಂಯ್‌ಗುಟ್ಟುವ ಯಂತ್ರವಾಗುತ್ತದೆ. ಆದುದರಿಂದ ಕರ್ಣಾಟಕ ಸಂಗೀತದಲ್ಲಿ ಪಳಗಿದ ಕಿವಿಗೆ ಈ ಪರೀಕ್ಷೆ ಮಾಡಲು ಬೇರೆ ಯಾವ ಉಪಕರಣವೂ ಬೇಕಿಲ್ಲ.

ಬಿಟ್ಟುಗಳು ಕಡಮೆಯಾದುದು ಏಕೆಂಬುದರ ಕಥೆ ನಮ್ಮ ಅವಿಭಕ್ತ ಕುಟುಂಬಗಳ ಪಾಲುಪಟ್ಟಿಯ ಕಥೆಯಂತೆಯೇ ಇದೆ. ಎಫ್.ಎಂ.ನಲ್ಲಿ ಒಂದೊಂದು ಕೇಂದ್ರಕ್ಕೂ ತನ್ನದೇ ಆದ ತರಂಗಸ್ಥಾನವುಂಟು; ಡಿ.ಎ.ಬಿ.ಯಲ್ಲಾದರೋ ಅನೇಕ ಕೇಂದ್ರಗಳು ಒಂದೇ ಸಮೂಹವಾಗಿ, ಮಲ್ಟಿಪ್ಲೆಕ್ಸ್ ಎಂಬ ಒಂದೇ ಹೊಲವನ್ನು ಹಂಚಿಕೊಂಡು ಬದುಕುತ್ತವೆ. ಪ್ರಸಾರದಲ್ಲಿ ನುಸುಳುವ ತಪ್ಪುಗಳ ವಿರುದ್ಧ ಸಾಮಾನ್ಯವಾದ ರಕ್ಷಣೆಯ ಮಟ್ಟದಲ್ಲಿ ಆ ಹೊಲದ ವಿಸ್ತೀರ್ಣ ಸೆಕೆಂಡಿಗೆ 1,152 ಕಿಲೊಬಿಟ್. 192ರಂತೆ ಹಂಚಿದರೆ ಆರು ಪಾಲು, 128ರಂತೆ ಹಂಚಿದರೆ ಒಂಬತ್ತು. ಯುರೇಕಾ-147 ಎಂಬ ಯೋಜನೆಯ ಹೆಸರಿನಲ್ಲಿ 1987ರಲ್ಲಿ ಆರಂಭವಾದ ಈ ಕಾರ್ಯವು 1995ರ ಜೂನ್‌ನಲ್ಲಿ ನಾರ್ವೆಯಲ್ಲಿಯೂ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬಿ.ಬಿ.ಸಿ.ಯಲ್ಲಿಯೂ ಪ್ರಸಾರರೂಪವನ್ನು ತಾಳಿದಾಗ, ಪಾಲುದಾರರು ಕೆಲವರೇ ಇದ್ದುದರಿಂದ ಎಲ್ಲರಿಗೂ ಹೊಟ್ಟೆ ತುಂಬ ಇದ್ದಿತು. 2002ರ ಒಂದೇ ವರ್ಷದಲ್ಲಿ ಬಿ.ಬಿ.ಸಿ.ಯು ಐದು ಹೊಸ ಡಿಜಿಟಲ್ ಕೇಂದ್ರಗಳನ್ನು ರಾಷ್ಟ್ರವ್ಯಾಪಿಯಾಗಿ ಅದೇ ಹೊಲದಲ್ಲಿ ನೆಲೆಗೊಳಿಸಿತು. ಸಾಹಿತ್ಯ, ಕ್ರೀಡೆ, ನವೀನ ಸಂಗೀತ, ಏಷ್ಯನ್ ಶ್ರೋತೃಗಳ ಕಾರ್ಯಕ್ರಮ ಎಂದು ಅವು ಕೊಟ್ಟ ವೈವಿಧ್ಯ ನಿಜವಾಗಿಯೂ ಜನಕ್ಕೆ ಬೇಕಾದುದೇ; ಆದರೆ ನೆಲ ಹಿಗ್ಗಲಿಲ್ಲ. ಶಾಸ್ತ್ರೀಯ ಸಂಗೀತದ ರೇಡಿಯೊ 3ಕ್ಕೆ ಹೆಚ್ಚಿನ ಪಾಲನ್ನು ಉಳಿಸಿ, ಇತರ ಜನಪ್ರಿಯ ಕೇಂದ್ರಗಳನ್ನು 128ಕ್ಕೆ ಇಳಿಸಬೇಕಾಯಿತು. ವಾಣಿಜ್ಯ ಕೇಂದ್ರಗಳಲ್ಲಿ ಹಲವು ಇನ್ನೂ ಕೆಳಗಿಳಿದು, ಎಡಬಲಗಳನ್ನು ಒಂದಾಗಿಸಿ ಮಾನೊ ರೂಪದಲ್ಲಿಯೇ ಸಂಗೀತವನ್ನು ಪ್ರಸಾರ ಮಾಡತೊಡಗಿದುವು. ಎಂಪಿ-2 ಪದ್ಧತಿಯಲ್ಲಿ ಸಂಗೀತಕ್ಕೆ 192 ಕಿಲೊಬಿಟ್ಟಿಗಿಂತ ಕಡಮೆ ಕೊಡುವುದು ಸಂಗೀತಕ್ಕೆ ಮಾಡುವ ಅನ್ಯಾಯವೆಂದೇ ನನ್ನ ದೃಢವಾದ ಅಭಿಪ್ರಾಯ.

ಹಾಗೆಂದು ಈ ಪದ್ಧತಿಯ ಗುಣಗಳನ್ನು ಮರೆಯಲಾಗದು. ಬೆಟ್ಟಕ್ಕೋ ಎತ್ತರವಾದ ಕಟ್ಟಡಕ್ಕೋ ಬಡಿದು ಮರಳಿ ಬರುವ ತರಂಗವು ಎಫ್.ಎಂ.ಗೆ ಶತ್ರು, ಡಿ.ಎ.ಬಿ.ಗೆ ಅದು ಮಿತ್ರ. ಸಂದೇಶವನ್ನು 1,536 ಸಣ್ಣ ವಾಹಕ ತರಂಗಗಳ ಮೇಲೆ ಚದುರಿಸಿ, ಒಂದೊಂದು ಸಂಕೇತದ ನಡುವೆಯೂ 246 ಮೈಕ್ರೊಸೆಕೆಂಡುಗಳ ಬಿಡುವನ್ನು ಇಟ್ಟಿರುವುದರಿಂದ, ಆ ಅವಧಿಯೊಳಗೆ ತಡವಾಗಿ ಬಂದ ಪ್ರತಿಧ್ವನಿಯೂ ಮೂಲಕ್ಕೆ ಬಲವನ್ನೇ ಕೂಡಿಸುತ್ತದೆ. ಈ ಕಾರಣದಿಂದಲೇ ಬಿ.ಬಿ.ಸಿ.ಯ ರಾಷ್ಟ್ರೀಯ ಸಮೂಹವನ್ನು ದೇಶದ ಎಲ್ಲ ಗೋಪುರಗಳೂ 225.648 ಮೆಗಾಹರ್ಟ್ಜ್ ಎಂಬ ಒಂದೇ ಸ್ಥಾನದಲ್ಲಿ ಬಿತ್ತರಿಸುವುದು ಸಾಧ್ಯವಾಗಿದೆ, ಮತ್ತು ಊರಿಂದೂರಿಗೆ ಕಾರಿನಲ್ಲಿ ಹೋಗುವವನು ಗುಂಡಿಯನ್ನು ಮುಟ್ಟದೆ ಒಂದೇ ಕೇಂದ್ರವನ್ನು ಕೇಳುತ್ತ ಹೋಗಬಲ್ಲನು.

ಎಫ್.ಎಂ. ಶುದ್ಧವಾದ ಅನಲಾಗ್ ಎಂದು ಎದೆಯುಬ್ಬಿಸಿ ಹೇಳುವವರಿಗೂ ಒಂದು ಸಂಗತಿಯನ್ನು ನೆನಪಿಸಬೇಕು. ಸ್ಟುಡಿಯೊದಿಂದ ಪ್ರಸಾರಗೋಪುರದವರೆಗೆ ಧ್ವನಿಯನ್ನು ಅಂಕಿಗಳ ರೂಪದಲ್ಲಿ ಸಾಗಿಸುವುದನ್ನು ಬಿ.ಬಿ.ಸಿ.ಯು 1972ರಷ್ಟು ಹಿಂದೆಯೇ ಆರಂಭಿಸಿದ್ದಿತು. ಅಂದಿನಿಂದ ಇಂಗ್ಲೆಂಡಿನ ಜನ ಎಫ್.ಎಂ.ನಲ್ಲಿ ಮೆಚ್ಚಿ ಕೇಳಿದ ಮಧುರಧ್ವನಿ ಅರ್ಧ ದಾರಿಯನ್ನು ಡಿಜಿಟಲ್ ಆಗಿಯೇ ಕ್ರಮಿಸಿ ಬಂದುದು. ಅಲ್ಲಿ ಬಿಟ್ಟುಗಳಲ್ಲಿ ಜಿಪುಣತನ ಮಾಡದಿದ್ದುದರಿಂದ ಯಾರ ಕಿವಿಯೂ ನೋಯಲಿಲ್ಲ.

ಕಾಲಕ್ರಮದಲ್ಲಿ ಪರಿಹಾರವೂ ಬಂದಿತು. ಅದೇ ಹೊಲದಲ್ಲಿ ಹೆಚ್ಚು ಬೆಳೆಯುವ ಹೊಸ ತಳಿಯೋ ಎಂಬಂತೆ, ಎಂಪಿ-2ಕ್ಕೆ ಬದಲಾಗಿ ಎ.ಎ.ಸಿ. ಎಂಬ ದಕ್ಷತರವಾದ ಸಂಕ್ಷೇಪವನ್ನು ಬಳಸುವ ಡಿ.ಎ.ಬಿ. ಪ್ಲಸ್ 2007ರಲ್ಲಿ ಅಂಗೀಕೃತವಾಯಿತು. ತಡವಾಗಿ ಬಂದ ಆಸ್ಟ್ರೇಲಿಯಾ 2009ರಲ್ಲಿ ಇದನ್ನೇ ಹಿಡಿಯಿತು. ನಾರ್ವೆಯು 2017ರಲ್ಲಿ ತನ್ನ ರಾಷ್ಟ್ರೀಯ ಎಫ್.ಎಂ. ಪ್ರಸಾರವನ್ನೇ ನಿಲ್ಲಿಸಿ ಇದಕ್ಕೆ ತೆರಳಿತು. ಮೊದಲಿಗರಲ್ಲೊಂದಾಗಿ ಉತ್ಸಾಹದಿಂದ ಹೊರಟ ಬ್ರಿಟನ್ನಿನಲ್ಲಿ, ಹಳೆಯ ಪದ್ಧತಿಯ ಲಕ್ಷಗಟ್ಟಲೆ ರೇಡಿಯೊಗಳು ಮನೆಮನೆಯಲ್ಲಿ ಆಗಲೇ ನೆಲೆಸಿದ್ದರಿಂದ, ಬದಲಾವಣೆ ಬಹು ನಿಧಾನವಾಯಿತು. ಇಲ್ಲಿಯೂ ಹೊಸ ತಳಿ ಕೊಟ್ಟ ಉಳಿತಾಯವನ್ನು ಧ್ವನಿಗೆ ಮೀಸಲಿಡದೆ ಮತ್ತಷ್ಟು ಕೇಂದ್ರಗಳಿಗೆ ಹಂಚಿದ ಉದಾಹರಣೆಗಳು ಇಲ್ಲದಿಲ್ಲ, ಎ.ಎ.ಸಿ.ಯಾದರೂ 32 ಕಿಲೊಬಿಟ್ಟಿನಲ್ಲಿ ಪಿಟೀಲನ್ನು ಪಿಟೀಲಾಗಿ ಉಳಿಸಲಾರದು.

ಇನ್ನು ಟ್ಯೂನರಿನ ಮಾತು. ಆರ್ಕಾಮ್ ಸಂಸ್ಥೆಯು 1999ರಲ್ಲಿ ಮನೆಯ ಹೈಫೈ ಉಪಕರಣಗಳ ಸಾಲಿಗೆ ಸೇರಿಸಿದ ಡಿ.ಎ.ಬಿ. ಟ್ಯೂನರಿನ ಬೆಲೆ ಸುಮಾರು 800 ಪೌಂಡು. 2002ರಲ್ಲಿ ಪ್ಯೂರ್ ಸಂಸ್ಥೆಯ ಇವೋಕ್-1 ಎಂಬ ಅಡುಗೆಮನೆಯ ರೇಡಿಯೊ 99 ಪೌಂಡಿಗೆ ಬಂದ ಮೇಲೆಯೇ ಸಾಮಾನ್ಯ ಜನಕ್ಕೆ ಡಿಜಿಟಲ್ ಪ್ರಸಾರ ಎಟುಕಿದ್ದು. ಇವೆರಡೂ ಒಂದು ಕೇಂದ್ರದಿಂದ ಹಿಡಿಯುವ ಅಂಕಿಗಳು ಒಂದೇ. ತಪ್ಪಿಲ್ಲದೆ ಹಿಡಿದರೆ ಹೆಚ್ಚು ಬೆಲೆಯ ಪೆಟ್ಟಿಗೆ ಒಂದು ಬಿಟ್ಟನ್ನೂ ಅಧಿಕವಾಗಿ ತರಲಾರದು. ಎಫ್.ಎಂ. ಕಾಲದಲ್ಲಿ ಟ್ಯೂನರಿನ ಕೌಶಲವು ಕ್ಷೀಣವಾದ ತರಂಗದಿಂದ ಸಂಗೀತವನ್ನು ಹೆಕ್ಕಿ ತೆಗೆಯುವುದರಲ್ಲಿದ್ದರೆ, ಇಲ್ಲಿ ಅದು ಅಂಕಿಗಳನ್ನು ಮತ್ತೆ ಧ್ವನಿಯಾಗಿಸುವ ಕೊನೆಯ ಘಟ್ಟದಲ್ಲಿ ಮಾತ್ರ ಉಳಿದಿದೆ. ಆದುದರಿಂದ ಕೊಳ್ಳುವವರು ಡಿ.ಎ.ಬಿ. ಪ್ಲಸ್ ಇದೆಯೇ, ಎಫ್.ಎಂ. ಕೂಡ ಇದೆಯೇ, ಹೊರಗಿನ ಏರಿಯಲ್ಲಿಗೆ ಸಾಕೆಟ್ ಇದೆಯೇ, ಆಂಪ್ಲಿಫೈಯರಿಗೆ ಲೈನ್ ಔಟ್‌ಪುಟ್ಟಿನ ಜತೆಗೆ ಡಿಜಿಟಲ್ ಔಟ್‌ಪುಟ್ಟೂ ಇದೆಯೇ ಎಂಬುದನ್ನು ನೋಡಬೇಕು. ಕೇಳುತ್ತಿರುವ ಕೇಂದ್ರದ ಕಿಲೊಬಿಟ್ ಸಂಖ್ಯೆಯನ್ನೂ ಸಿಗ್ನಲ್ಲಿನಲ್ಲಿ ನುಸುಳಿದ ತಪ್ಪುಗಳ ಪ್ರಮಾಣವನ್ನೂ ಪರದೆಯ ಮೇಲೆ ತೋರಿಸುವ ಟ್ಯೂನರು ಸಿಕ್ಕಿದರೆ ಸ್ವಲ್ಪ ಹೆಚ್ಚು ಹಣ ಕೊಟ್ಟಾದರೂ ಅದನ್ನೇ ತರುವುದು ಲೇಸು. ಅಂತರ್ಜಾಲವನ್ನೂ ಹಿಡಿಯುವ ಟ್ಯೂನರಾದರೆ ಇನ್ನೂ ಉತ್ತಮ. ರೇಡಿಯೊ 3 ಆ ಮಾರ್ಗದಲ್ಲಿ 2010ರಿಂದಲೂ 320 ಕಿಲೊಬಿಟ್ಟಿನ ಎ.ಎ.ಸಿ. ಧ್ವನಿಯನ್ನು ಕೊಡುತ್ತ ಬಂದಿದೆ. ಲಂಡನ್ನಿನಲ್ಲಿರುವ ಮಗನಿಂದ ಇಂತಹ ಟ್ಯೂನರನ್ನು ತರಿಸಿಕೊಳ್ಳಬೇಕೆಂದು ಬೆಂಗಳೂರಿನಲ್ಲಿ ಯಾರಾದರೂ ಯೋಚಿಸುತ್ತಿದ್ದರೆ, ಅದರ ಡಿ.ಎ.ಬಿ. ಭಾಗ ಇಲ್ಲಿ ಮೂಕವಾಗಿರುತ್ತದೆಂಬುದನ್ನು ತಿಳಿದಿರಲಿ. ನಮ್ಮ ಆಕಾಶವಾಣಿಯು ಮಧ್ಯಮ ತರಂಗಕ್ಕಾಗಿ ಆರಿಸಿಕೊಂಡ ಡಿ.ಆರ್.ಎಂ. ಬೇರೆಯೇ ಒಂದು ಪದ್ಧತಿ, ಅದಕ್ಕೆ ಬೇರೆಯೇ ರೇಡಿಯೊ ಬೇಕು.

ಏರಿಯಲ್ಲಿನ ವಿಷಯದಲ್ಲಿ ಉದಾಸೀನ ಸಲ್ಲದು. ಎಫ್.ಎಂ. ಸಿಗ್ನಲ್ ಕುಂದಿದರೆ ಸಂಗೀತದಲ್ಲಿ ಸದ್ದು ಮೆಲ್ಲಮೆಲ್ಲನೆ ಬೆರೆಯುತ್ತ ಹೋಗುತ್ತದೆ. ಡಿಜಿಟಲ್ ಸಿಗ್ನಲ್ ಒಂದು ಮಟ್ಟದವರೆಗೆ ಏನೂ ಆಗದಂತಿದ್ದು, ಅದರ ಕೆಳಗೆ ಇಳಿದೊಡನೆ ಕೊಳದ ಕೆಸರು ಗುಳುಗುಳು ಎಂದಂತೆ ಸದ್ದು ಮಾಡಿ ನಿಂತೇ ಹೋಗುತ್ತದೆ. ಬ್ರಿಟನ್ನಿನ ಡಿ.ಎ.ಬಿ. ತರಂಗಗಳು ಲಂಬವಾಗಿ ಕಂಪಿಸುವುದರಿಂದ ಏರಿಯಲ್ಲಿನ ಸರಳನ್ನು ನೆಟ್ಟಗೆ ನಿಲ್ಲಿಸಬೇಕು. ಸರಳ ಡೈಪೋಲ್ ಆದರೆ ಮೊಳ ಒಂದೂವರೆಯಷ್ಟು, ಎಂದರೆ ಸುಮಾರು 65 ಸೆಂಟಿಮೀಟರ್ ಉದ್ದ ಸಾಕು.

ನಾನು ಹೊರಡುವ ಹಿಂದಿನ ದಿನ ಮಿತ್ರರೂ ನಾನೂ ಅವರ ಮನೆಯ ಅಟ್ಟವನ್ನು ಹತ್ತಿ, ಅಂತಹದೊಂದು ಡೈಪೋಲನ್ನು ತೊಲೆಗೆ ಕಟ್ಟಿ, ಕೇಬಲ್ಲನ್ನು ಗೋಡೆಯಗುಂಟ ಇಳಿಸಿದೆವು. ತಪ್ಪುಗಳ ಸಂಖ್ಯೆ ಸೊನ್ನೆಗೆ ಇಳಿದುದನ್ನು ಟ್ಯೂನರಿನ ಪರದೆಯಲ್ಲಿ ನೋಡಿ ಅವರಿಗೆ ಸಂತೋಷವಾಯಿತು. ಆದರೆ ಮೊದಲ ದಿನ ಕೇಳಿದ ಆ ಕೇಂದ್ರದಲ್ಲಿ ಚಪ್ಪಾಳೆ ಅಂದಿನಂತೆಯೇ ಸಿಡಿಯಿತು, ಏಕೆಂದರೆ ಪರದೆಯ ಮೂಲೆಯಲ್ಲಿದ್ದ ಅಂಕಿ 128. ಅವರು ಆ ಕೇಂದ್ರವನ್ನು ಹಳೆಯ ಎಫ್.ಎಂ. ಟ್ಯೂನರಿಗೇ ಬಿಟ್ಟುಕೊಟ್ಟರು. ರಾತ್ರಿ ಊಟವಾದ ಮೇಲೆ ರಾಯಲ್ ಆಲ್ಬರ್ಟ್ ಹಾಲಿನ ಕಚೇರಿಯೊಂದನ್ನು ರೇಡಿಯೊ 3ರಲ್ಲಿ, 192ರಲ್ಲಿ, ದೀಪವನ್ನು ತಗ್ಗಿಸಿ ಕೇಳಿದೆವು. ಒಂದು ಭಾಗ ಮುಗಿದು ಇನ್ನೊಂದು ತೊಡಗುವ ಮುನ್ನ ವಾದ್ಯಗಳೆಲ್ಲ ಸುಮ್ಮನಾದಾಗ, ಆ ವಿಶಾಲವಾದ ಸಭಾಂಗಣದ ಗಾಳಿಯೇ ಕೋಣೆಯೊಳಗೆ ಬಂದಂತಾಗಿ, ಬಲಗಡೆಯ ಸ್ಪೀಕರಿನಿಂದಲೂ ಆಚೆಗೆ, ಎಲ್ಲಿಯೋ ಮೇಲಿನ ಸಾಲಿನಲ್ಲಿ ಯಾರೋ ಒಬ್ಬರು ಕೆಮ್ಮಿದುದು ಸ್ಪಷ್ಟವಾಗಿ ಕೇಳಿಸಿತು.