ಕೊಪ್ಪಳ ಜಿಲ್ಲೆಯಲ್ಲಿ ಶಿಲಾರೋಹಣ: ಹೊಸದಾಗಿ ನೆಲೆಸಿದವರಿಗೆ ಮಾಹಿತಿ

ಉದ್ಯೋಗ, ವರ್ಗಾವಣೆ ಅಥವಾ ವ್ಯಾಸಂಗದ ನಿಮಿತ್ತ ತಂಪು ಪ್ರದೇಶಗಳಿಂದ ಕೊಪ್ಪಳ ಜಿಲ್ಲೆಗೆ ಬಂದು ನೆಲೆಸುವವರಲ್ಲಿ ಪರ್ವತಾರೋಹಣದ ಅಭ್ಯಾಸವುಳ್ಳವರೂ ಇರುತ್ತಾರೆ. ಹುಲಿಹೈದರ, ಕನಕಗಿರಿ, ಕುಷ್ಟಗಿ, ಯಲಬುರ್ಗಾ ಭಾಗದ ಬಿಸಿಲನ್ನು ಕಂಡು ತಮ್ಮ ಹವ್ಯಾಸ ಇಲ್ಲಿಗೆ ಮುಗಿಯಿತೆಂದು ಅವರು ಭಾವಿಸುವುದುಂಟು. ವಾಸ್ತವದಲ್ಲಿ ಹಿಮಪರ್ವತಾರೋಹಣಕ್ಕೆ ಮಾತ್ರ ಇಲ್ಲಿ ಅವಕಾಶವಿಲ್ಲ. ಶಿಲಾರೋಹಣದ ದೃಷ್ಟಿಯಿಂದ ಈ ಪ್ರದೇಶವು ದೇಶದ ಪ್ರಮುಖ ತಾಣಗಳಲ್ಲಿ ಒಂದಾಗಿದೆ.

ಬಂಡೆಗಳ ಸ್ವರೂಪ

ಗಂಗಾವತಿ ಮತ್ತು ಆನೆಗೊಂದಿ ಸುತ್ತಲಿನ ಬೆಟ್ಟಗಳು ಸುಮಾರು 250 ಕೋಟಿ ವರ್ಷಗಳಷ್ಟು ಪ್ರಾಚೀನವಾದ ಕಣಶಿಲೆಯಿಂದ (ಗ್ರಾನೈಟ್) ಆಗಿವೆ. ಶಿಲೆಯ ಬಿರುಕುಗಳಲ್ಲಿ ನೀರು ಇಳಿದು ಅಂಚುಗಳು ಸವೆಯುತ್ತ ಬಂದುದರಿಂದ ದೊಡ್ಡ ಗುಂಡುಗಳು ಒಂದರ ಮೇಲೊಂದು ಪೇರಿಸಿದಂತೆ ಉಳಿದಿವೆ. ಹಗ್ಗವಿಲ್ಲದೆ ಕಡಿಮೆ ಎತ್ತರದ ಗುಂಡುಗಳನ್ನು ಏರುವ ‘ಬೌಲ್ಡರಿಂಗ್’ ಕ್ರೀಡೆಗೆ ಇವು ಹೇಳಿ ಮಾಡಿಸಿದಂತಿವೆ. ಅಮೆರಿಕದ ಆರೋಹಿ ಕ್ರಿಸ್ ಶರ್ಮಾ ಕಾಣಿಸಿಕೊಂಡ 2003ರ ‘ಪಿಲ್‌ಗ್ರಿಮೇಜ್’ ಚಿತ್ರದ ನಂತರ ಹಂಪಿ ಪರಿಸರದ ಬಂಡೆಗಳು ವಿದೇಶಿ ಆರೋಹಿಗಳಲ್ಲಿ ಹೆಚ್ಚು ಪರಿಚಿತವಾದವು.

ಹುಲಿಹೈದರದಿಂದ ಕನಕಗಿರಿ, ಗಂಗಾವತಿ ಮಾರ್ಗವಾಗಿ ಆನೆಗೊಂದಿ, ಸಾಣಾಪುರ ತಲುಪಬಹುದು. ವಿರೂಪಾಪುರ ಗಡ್ಡೆಯಲ್ಲಿದ್ದ ಅನಧಿಕೃತ ವಸತಿಗೃಹಗಳು ಸರ್ವೋಚ್ಚ ನ್ಯಾಯಾಲಯದ ಆದೇಶದ ಬಳಿಕ 2020ರಲ್ಲಿ ತೆರವುಗೊಂಡಿರುವುದರಿಂದ, ಹಳೆಯ ಪ್ರವಾಸಿ ಕೈಪಿಡಿಗಳ ಮಾಹಿತಿಯನ್ನು ಅವಲಂಬಿಸಬಾರದು.

ಹಗ್ಗ ಬಳಸಿ ಎತ್ತರದ ಗೋಡೆಗಳನ್ನು ಏರಬಯಸುವವರಿಗೆ ಬಾಗಲಕೋಟೆ ಜಿಲ್ಲೆಯ ಬಾದಾಮಿ ಸೂಕ್ತವಾಗಿದೆ. ಅಲ್ಲಿನ ಕೆಂಪು ಮರಳುಶಿಲೆಯಲ್ಲಿ ಅಡ್ಡ ಪದರಗಳಿದ್ದು ಹಿಡಿತ ದೊರೆಯುತ್ತದೆ. ಆದರೆ ನೆನೆದ ಮರಳುಶಿಲೆಯು ಬಲಗುಂದಿ ಮುರಿಯುವುದರಿಂದ, ಮಳೆಯ ನಂತರ ಅದು ಪೂರ್ಣವಾಗಿ ಒಣಗುವವರೆಗೆ ಏರಬಾರದು.

ಋತು ಮತ್ತು ವೇಳೆ

ನವೆಂಬರ್‌ನಿಂದ ಫೆಬ್ರವರಿಯವರೆಗಿನ ಅವಧಿ ಉತ್ತಮವಾದುದು. ಬೇಸಿಗೆಯಲ್ಲಿ ಕಾದ ಬಂಡೆಯ ಮೇಲೆ ಅಂಗೈ ಬೆವರಿ ಹಿಡಿತ ಜಾರುತ್ತದೆ. ಒರಟು ಕಣಗಳಿಂದ ಚರ್ಮವೂ ಬೇಗ ಕಿತ್ತುಬರುತ್ತದೆ. ಚಳಿಗಾಲದಲ್ಲಿಯೂ ಮುಂಜಾನೆ ಅಥವಾ ನೆರಳು ಬಿದ್ದ ನಂತರದ ಸಂಜೆಯೇ ಯೋಗ್ಯ. ತಂಪು ಪ್ರದೇಶದಿಂದ ಬಂದವರ ದೇಹವು ಬಿಸಿಲಿಗೆ ಹೊಂದಿಕೊಳ್ಳಲು ಒಂದೆರಡು ವಾರ ಬೇಕಾಗುವುದರಿಂದ, ಆರಂಭದಲ್ಲಿ ಅಲ್ಪಾವಧಿಯ ಅಭ್ಯಾಸವನ್ನಷ್ಟೇ ಕೈಗೊಂಡು ಸಾಕಷ್ಟು ನೀರು ಕುಡಿಯಬೇಕು.

ಪಾರಂಪರಿಕ ತಾಣಗಳ ರಕ್ಷಣೆ

ಈ ಜಿಲ್ಲೆಯಲ್ಲಿ ಬಂಡೆಯೇ ಇತಿಹಾಸದ ದಾಖಲೆಯಾಗಿದೆ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿವೆ. ಹಿರೇಬೆಣಕಲ್ ಬೆಟ್ಟದಲ್ಲಿ ಬೃಹತ್ ಶಿಲಾಯುಗದ ಕಲ್ಮನೆಗಳೂ ಆ ಪರಿಸರದ ಕಲ್ಲಾಸರೆಗಳಲ್ಲಿ ಪ್ರಾಚೀನ ಚಿತ್ರಗಳೂ ಉಳಿದಿವೆ. ಹಂಪಿಯು 1986ರಿಂದ ವಿಶ್ವ ಪರಂಪರೆಯ ತಾಣವಾಗಿದೆ. ಆರೋಹಿಗಳು ಕೈಗೆ ಬಳಿಯುವ ಬಿಳಿ ಪುಡಿ, ಉಜ್ಜುವ ಕುಂಚ, ಕೊರೆಯುವ ಮೊಳೆ ಇವುಗಳಿಂದ ಎರಡು ಸಾವಿರ ವರ್ಷ ಉಳಿದು ಬಂದ ಗುರುತು ಒಂದೇ ದಿನದಲ್ಲಿ ಅಳಿಯಬಹುದು. ಅದನ್ನು ಮರಳಿ ಪಡೆಯಲಾಗದು. ಆದುದರಿಂದ ಸಂರಕ್ಷಿತ ಸ್ಮಾರಕ, ಶಾಸನ, ಚಿತ್ರ ಹಾಗೂ ಪೂಜಾಸ್ಥಳಗಳಿರುವ ಬಂಡೆಗಳನ್ನು ಏರಬಾರದು. ಹೊಲಗಳಲ್ಲಿರುವ ಗುಂಡುಗಳಿಗೆ ಜಮೀನಿನ ಮಾಲೀಕರ ಒಪ್ಪಿಗೆಯನ್ನೂ ಅರಣ್ಯ ಪ್ರದೇಶಕ್ಕೆ ಅರಣ್ಯ ಇಲಾಖೆಯ ಅನುಮತಿಯನ್ನೂ ಪಡೆಯತಕ್ಕದ್ದು.

ಸುರಕ್ಷತೆ

• ಒಂಟಿಯಾಗಿ ಹೋಗಬಾರದು. ಹೋಗುವ ಸ್ಥಳ ಮತ್ತು ಮರಳುವ ವೇಳೆಯನ್ನು ಮನೆಯವರಿಗೆ ತಿಳಿಸಬೇಕು.
• ಬೌಲ್ಡರಿಂಗ್‌ಗೆ ದಪ್ಪ ಮೆತ್ತೆ ಹಾಗೂ ಬೀಳುವವರನ್ನು ಮೆತ್ತೆಯತ್ತ ತಿರುಗಿಸಬಲ್ಲ ಸಂಗಾತಿ ಅಗತ್ಯ. ಹಗ್ಗದ ಆರೋಹಣಕ್ಕೆ ಶಿರಸ್ತ್ರಾಣ ಕಡ್ಡಾಯವೆಂದು ಭಾವಿಸಬೇಕು.
• ಬಂಡೆಯ ಹೊರ ಚಕ್ಕೆಗಳನ್ನು ಕೈಯಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬಂದಲ್ಲಿ ಭಾರ ಹಾಕಬಾರದು.
• ಹೆಜ್ಜೇನಿನ ಗೂಡು ಕಂಡಲ್ಲಿ ಸದ್ದು ಮಾಡದೆ ಹಿಂದಿರುಗಬೇಕು. ಗುಹೆಗಳಲ್ಲಿ ಕರಡಿ, ಚಿರತೆ ಇರಬಹುದಾದ್ದರಿಂದ ಕತ್ತಲಾಗುವ ಮುನ್ನವೇ ಬೆಟ್ಟ ಇಳಿಯಬೇಕು.
• ಕಲ್ಲು ಗಣಿಗಳಲ್ಲಿ ಸಿಡಿಮದ್ದಿನಿಂದ ಬಂಡೆ ಸಡಿಲಗೊಂಡಿರುವುದರಿಂದ ಅಲ್ಲಿ ಏರಬಾರದು.
• ಅಪಘಾತವಾದಲ್ಲಿ ಗಾಯಾಳುವಿನ ಕುತ್ತಿಗೆ, ಬೆನ್ನನ್ನು ಅಲುಗಿಸದೆ 108 ಅಥವಾ 112ಕ್ಕೆ ಕರೆ ಮಾಡಬೇಕು.

ತರಬೇತಿ

ಬೆಂಗಳೂರಿನ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯು ಶಿಲಾರೋಹಣ ತರಬೇತಿಯನ್ನು ನೀಡುತ್ತದೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯಲ್ಲಿಯೂ ಹಿಮವಿಲ್ಲದ ಕಾರಣ, ಹಿಮದಲ್ಲಿನ ನಡಿಗೆ ಹಾಗೂ ನೀರ್ಗಲ್ಲು ಕಡಿಯುವ ವಿದ್ಯೆಗೆ ಡಾರ್ಜಿಲಿಂಗ್‌ನ ಹಿಮಾಲಯ ಪರ್ವತಾರೋಹಣ ಸಂಸ್ಥೆ (ಸ್ಥಾಪನೆ 1954), ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆ (ಸ್ಥಾಪನೆ 1965) ಮುಂತಾದವುಗಳಿಗೇ ಹೋಗಬೇಕಾಗುತ್ತದೆ. ಇಲ್ಲಿನ ಬಂಡೆಗಳಲ್ಲಿ ಗಳಿಸಿದ ಸಮತೋಲನ, ಬೆರಳ ಬಲ ಹಾಗೂ ಹಗ್ಗದ ಶಿಸ್ತು ಅಲ್ಲಿಯೂ ಉಪಯುಕ್ತವಾಗುತ್ತವೆ. ಎತ್ತರದ ಹವೆಗೆ ಹೊಂದಿಕೊಳ್ಳುವುದನ್ನು ಮಾತ್ರ ಅಲ್ಲಿಯೇ ಕಲಿಯಬೇಕು.

ಸಾಹಸಾಸಕ್ತರು ಈ ಸೂಚನೆಗಳನ್ನು ಪಾಲಿಸಿ, ಬಂಡೆಗಳನ್ನು ಮುಂದಿನವರಿಗೂ ಉಳಿಸಿಕೊಡುವಂತೆ ಕೋರಲಾಗಿದೆ.